ಎರಡು ಪಾರ್ಕು, ಒಂದು ಶುಕ್ರವಾರ, ಅತ್ತೆಯವರ ಮೊಣಕಾಲು

ಹೈದರಾಬಾದನ್ನು ಮೊಬೈಲಿನ ನಕ್ಷೆಯಲ್ಲಿ ನೋಡಿದವರಿಗೆ ಒಂದು ಆಲೋಚನೆ ಬಂದೇ ಬರುತ್ತದೆ. ರಾಮೋಜಿ ಫಿಲ್ಮ್ ಸಿಟಿ ವಿಜಯವಾಡ ಹೆದ್ದಾರಿಯ ಕಡೆಗಿದೆ, ವಂಡರ್‌ಲಾ ವಿಮಾನ ನಿಲ್ದಾಣದ ದಿಕ್ಕಿನ ರಾವಿರ್ಯಾಲದಲ್ಲಿದೆ, ಎರಡನ್ನೂ ಹೊರವರ್ತುಲ ರಸ್ತೆ ಕೂಡಿಸುತ್ತದೆ. ಹಾಗಿದ್ದ ಮೇಲೆ ಒಂದರ ಬೆನ್ನಿಗೇ ಇನ್ನೊಂದನ್ನು ಮುಗಿಸಿ, ಆಮೇಲೆ ನಿಶ್ಚಿಂತೆಯಿಂದ ಊರು ನೋಡಬಹುದಲ್ಲ?

ನಾದಿನಿಯ ಗಂಡನಿಗೂ ಇದೇ ಹೊಳೆದಿದೆ. ಅವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ದಸರಾ ರಜೆಗೆ ಎರಡೂ ಮನೆಯವರು ಕೂಡಿ ಹೈದರಾಬಾದಿಗೆ ಹೋಗುವುದೆಂದು ಗೊತ್ತಾದ ರಾತ್ರಿಯೇ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಣ್ಣದ ಚೌಕಗಳ ಎಕ್ಸೆಲ್ ಹಾಳೆಯೊಂದು ಬಂದು ಬಿತ್ತು. ಗುರುವಾರ ರಾಮೋಜಿ, ಹಸಿರು. ಶುಕ್ರವಾರ ವಂಡರ್‌ಲಾ, ನೀಲಿ. ಶನಿವಾರ ಸಾಲಾರ್ ಜಂಗ್, ಚಾರ್ಮಿನಾರ್, ಗೋಲ್ಕೊಂಡ ಮೂರೂ ಒಂದೇ ಕೇಸರಿ ಚೌಕದಲ್ಲಿ. ಭಾನುವಾರದ ಎದುರಿಗೆ ‘ಶಾಪಿಂಗ್ ಮತ್ತು ವಿಶ್ರಾಂತಿ’ ಎಂದಿತ್ತು. ಎಂಟು ಜನ ಒಟ್ಟಿಗೆ ಹೊರಟ ಪ್ರವಾಸದ ಕೊನೆಯ ದಿನ ವಿಶ್ರಾಂತಿ ಸಿಗುತ್ತದೆಂದು ನಂಬುವವರನ್ನು ಕಂಡರೆ ನನಗೆ ಅಸೂಯೆಯಾಗುತ್ತದೆ.

ನನ್ನ ಯೋಜನೆ ಹಳೆಯ ಡೈರಿಯ ಹಿಂದಿನ ಪುಟದಲ್ಲಿದೆ, ಬಣ್ಣಗಳಿಲ್ಲ. ಆದರೆ ನಾನು ಕಲಬುರಗಿಯವಳು. ನಮ್ಮ ಕಡೆಯವರಿಗೆ ಹೈದರಾಬಾದ್ ಪರವೂರೇ ಅಲ್ಲ. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾಗುವವರೆಗೆ ನಮಗೆ ರಾಜಧಾನಿ ಅದೇ ಆಗಿತ್ತು. ಇಂದಿಗೂ ಮದುವೆಯ ಸೀರೆ, ಕಣ್ಣಿನ ಆಪರೇಷನ್, ಮಕ್ಕಳ ಕೋಚಿಂಗ್ ಎಂದರೆ ಅನೇಕರು ಹತ್ತುವುದು ವಾಡಿ, ಸೇಡಂ, ತಾಂಡೂರು ದಾಟಿ ಹೋಗುವ ರೈಲನ್ನೇ. ಬೆಂಗಳೂರಿಗೆ ಹೋಗಲು ಒಂದು ರಾತ್ರಿ ಬೇಕು. ಹೈದರಾಬಾದಿಗೆ ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಊಟದ ಹೊತ್ತಿಗೆ ಮುಟ್ಟುತ್ತೇವೆ.

ಆದ್ದರಿಂದ ಎಕ್ಸೆಲ್ ಹಾಳೆಗೆ ನಾನು ಎತ್ತಿದ ಮೊದಲ ತಕರಾರು ಶುಕ್ರವಾರದ್ದು. ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಚೌಮಹಲ್ಲಾ ಅರಮನೆಗೂ ಅಂದೇ ರಜೆ. ಮೆಕ್ಕಾ ಮಸೀದಿಯಲ್ಲಿ ಮಧ್ಯಾಹ್ನದ ನಮಾಜು ಇರುವುದರಿಂದ ಚಾರ್ಮಿನಾರಿನ ಸುತ್ತ ಕಾಲಿಡಲು ಜಾಗವಿರುವುದಿಲ್ಲ. “ಅದಕ್ಕೇ ತಾನೆ ಅಕ್ಕಾ, ಶುಕ್ರವಾರ ವಂಡರ್‌ಲಾ ಹಾಕಿದ್ದು?” ಎಂದು ಅವರು ತಕ್ಷಣ ಕೇಳಿದರು. ಬುದ್ಧಿವಂತರು, ಒಪ್ಪುತ್ತೇನೆ. ಆದರೆ ನನ್ನ ನಿಜವಾದ ತಕರಾರು ಬೇರೆ ಇತ್ತು: ಪಾರ್ಕಿನ ಮರುದಿನ ಇನ್ನೊಂದು ಪಾರ್ಕು ಬರಕೂಡದು.

ಇದು ಕಾಲುನೋವಿಗಿಂತ ಹೆಚ್ಚಾಗಿ ಟಿಕೆಟ್ಟಿನ ಪ್ರಶ್ನೆ. ಪಾರ್ಕಿನ ಟಿಕೆಟ್ ಇಡೀ ದಿನದ್ದು, ದುಬಾರಿಯೂ ಹೌದು. ಅಷ್ಟೂ ಜನರಿಗೆ ಹಣ ಕಟ್ಟಿದ ಮೇಲೆ, ಮಧ್ಯಾಹ್ನ ಮೂರಕ್ಕೆ ಮಗು ತಲೆನೋವೆಂದು ಅತ್ತರೂ “ಇನ್ನೆರಡು ಮುಗಿಸಿಯೇ ಹೋಗೋಣ” ಎಂಬ ಮಾತು ಯಾರದಾದರೂ ಬಾಯಿಂದ ಬಂದೇ ಬರುತ್ತದೆ. ನಮ್ಮ ಮನೆಯಲ್ಲಿ ಆ ಬಾಯಿ ಯಜಮಾನರದು. ಕೊಟ್ಟ ಹಣ ವಸೂಲಾಗುವವರೆಗೆ ಯಾರೂ ಕೂರುವಂತಿಲ್ಲ. ಗೋಲ್ಕೊಂಡದಲ್ಲಿ ಹಾಗಿಲ್ಲ. ಅದು ಪುರಾತತ್ವ ಇಲಾಖೆಯ ಸ್ಮಾರಕ, ದೊಡ್ಡವರ ಟಿಕೆಟ್ ಎಂದರೆ ಸಣ್ಣ ಮೊತ್ತ, 15 ವರ್ಷದೊಳಗಿನವರಿಗೆ ಟಿಕೆಟ್ಟೇ ಇಲ್ಲ. ಬೇಸರವಾದರೆ ಅರ್ಧಕ್ಕೇ ಎದ್ದು ಬರಬಹುದು, ಯಾರೂ ಲೆಕ್ಕ ಕೇಳುವುದಿಲ್ಲ. ಎರಡು ಪಾರ್ಕುಗಳ ನಡುವೆ ಹೀಗೆ ಲೆಕ್ಕ ಕೇಳದ ಒಂದು ದಿನವಿದ್ದರೆ ಮಾತ್ರ ಎರಡನೆಯ ಪಾರ್ಕಿಗೆ ಮನೆಮಂದಿ ಮಾತು ಬಿಡದೆ ಹೋಗುತ್ತಾರೆ. ಅತ್ತ ಹೊರವರ್ತುಲ ರಸ್ತೆಯಲ್ಲಿ ಡೀಸೆಲ್ ಉಳಿಸಿ, ಇತ್ತ ಹೋಟೆಲ್ ಕೋಣೆಯಲ್ಲಿ ಜಗಳ ಕಾಯುವುದು ಯಾವ ಉಳಿತಾಯ?

ಹೀಗೆ ಎಳೆದಾಡಿ ಕೊನೆಗೆ ನಿಂತ ಕ್ರಮ: ಗುರುವಾರ ವಂಡರ್‌ಲಾ, ಶುಕ್ರವಾರ ಗೋಲ್ಕೊಂಡ, ಶನಿವಾರ ರಾಮೋಜಿ, ಭಾನುವಾರ ಸಾಲಾರ್ ಜಂಗ್ ಮತ್ತು ಚಾರ್ಮಿನಾರ್. ವಾರಾಂತ್ಯದಲ್ಲಿ ರಾಮೋಜಿಯೇ ಎಂದು ನಾದಿನಿ ಹುಬ್ಬೇರಿಸಿದಳು. ದಸರೆಗೆ ತೆಲಂಗಾಣದ ಶಾಲೆಗಳಿಗೂ ರಜೆ, ಜನ ಎರಡೂ ಕಡೆ ಇರುತ್ತಾರೆ. ಆದರೆ ವಂಡರ್‌ಲಾದಲ್ಲಿ ಜನ ಹೆಚ್ಚಾದರೆ ಪ್ರತಿಯೊಂದು ರೈಡಿನ ಮುಂದೆಯೂ ಸಾಲು ಬೆಳೆಯುತ್ತದೆ. ರಾಮೋಜಿಯಲ್ಲಿ ಅದೇ ಜನ ಚದುರಿ ಹೋಗುತ್ತಾರೆ. 1996ರಲ್ಲಿ ಶುರುವಾದ ಆ ಜಾಗ 1,666 ಎಕರೆ, ಜಗತ್ತಿನ ಅತಿ ದೊಡ್ಡ ಚಿತ್ರನಿರ್ಮಾಣ ಸಂಕೀರ್ಣವೆಂದು ಗಿನ್ನೆಸ್ ದಾಖಲೆಯಲ್ಲಿದೆ. ಅಲ್ಲಿ ನಡೆದು ನೋಡುವುದಕ್ಕಿಂತ ಅವರದೇ ಬಸ್ಸಿನಲ್ಲಿ ಕುಳಿತು ನೋಡುವುದೇ ಹೆಚ್ಚು. ಅತ್ತೆಯವರ ಮೊಣಕಾಲಿಗೆ ಒಪ್ಪುವ ಪಾರ್ಕು ಅದೊಂದೇ.

ವಂಡರ್‌ಲಾ ವಿಷಯಕ್ಕೆ ಬಂದರೆ ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಸೆಂಟಿಮೀಟರಿನ ರಾಜಕೀಯ. ಅಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85ರಿಂದ 140 ಸೆಂಟಿಮೀಟರ್ ಇದ್ದರೆ ಮಕ್ಕಳ ದರ, ಮೇಲಾದರೆ ದೊಡ್ಡವರ ದರ. ತಲೆ ತಿರುಗಿಸುವ ರೈಡುಗಳ ಬಾಗಿಲಲ್ಲೂ ಎತ್ತರ ನೋಡಿಯೇ ಬಿಡುವುದು. ನಮ್ಮ ಮಗ ಸದ್ಯ 138ರಲ್ಲಿದ್ದಾನೆ. ಪ್ರತಿ ಭಾನುವಾರ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲುತ್ತಾನೆ. ಅವನ ಅಕ್ಕ ಜಾಮಿಟ್ರಿ ಪೆಟ್ಟಿಗೆಯ ತ್ರಿಕೋನ ಪಟ್ಟಿಯನ್ನು ತಲೆಯ ಮೇಲಿಟ್ಟು, ಕೂದಲನ್ನು ಒತ್ತಿ ಹಿಡಿದು, ಪೆನ್ಸಿಲ್ ಗೆರೆ ಎಳೆಯುತ್ತಾಳೆ. ಅವನು ಹಿಮ್ಮಡಿಯನ್ನು ಒಂದು ಕೂದಲೆಳೆಯಷ್ಟು ಎತ್ತಿರುತ್ತಾನೆ. ಅವಳು ಬಗ್ಗಿ ನೋಡಿ ಕಾಲ ಮೇಲೆ ಒಂದು ಏಟು ಹಾಕುತ್ತಾಳೆ. ಗೆರೆ ಮತ್ತೆ ಕೆಳಗಿಳಿಯುತ್ತದೆ. ಅಪ್ಪನಿಗೆ ದಸರೆಯವರೆಗೆ ಹುಡುಗ ಬೆಳೆಯದಿದ್ದರೆ ಸಾಕು, ಹುಡುಗನಿಗೆ ಬೆಳೆದರೆ ಸಾಕು. ನನಗೆ ಬಾಗಿಲಿಗೆ ಹೊಸ ಬಣ್ಣ ಹೊಡೆಸಬೇಕಿದೆ.

ಬಟ್ಟೆಯದೂ ಒಂದು ಕಥೆ. ನೀರಿನ ಆಟಗಳಿಗೆ ಹತ್ತಿಯ ಬಟ್ಟೆ ನಡೆಯುವುದಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು. ಅಲ್ಲಿಯೇ ಕೊಳ್ಳಬಹುದು, ಆದರೆ ಇಷ್ಟು ಜನರಿಗೆ ಅಲ್ಲಿಯೇ ಕೊಳ್ಳುವುದು ಜಾಣತನವಲ್ಲ, ಸೂಪರ್ ಮಾರ್ಕೆಟ್‌ನಿಂದ ಈಗಲೇ ತಂದಿಟ್ಟಿದ್ದೇನೆ. ಹೊರಗಿನ ಊಟವನ್ನೂ ಒಳಗೆ ಬಿಡುವುದಿಲ್ಲ. ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳದೆ ಊರು ಬಿಡಬಾರದೆಂಬ ಅತ್ತೆಯವರ ನಿಯಮಕ್ಕೆ ಇದರಿಂದ ದೊಡ್ಡ ಪೆಟ್ಟು ಬಿದ್ದಿದೆ. “ಹಣ ಕೊಟ್ಟು ಹೋಗಿ ಉಪವಾಸ ಇರಬೇಕೇನಮ್ಮ?” ಎಂದು ಕೇಳಿದರು.

ಅವರು ಹೋಗುವುದಿಲ್ಲ, ನಾನೂ ಹೋಗುವುದಿಲ್ಲ. ಅತ್ತೆಯವರನ್ನು ನೋಡಿಕೊಳ್ಳಲು ನಾನು ಉಳಿಯುತ್ತೇನೆ ಎಂದಾಗ ಎಲ್ಲರೂ ಕರಗಿ ಹೋದರು. ತಲೆಕೆಳಗಾಗಿ ತೂಗುವ ಯಂತ್ರಗಳಿಂದ ಹೀಗೆ ಗೌರವದಿಂದ ಪಾರಾಗುತ್ತಿದ್ದೇನೆಂದು ನಾನು ಯಾರಿಗೂ ಹೇಳಿಲ್ಲ. ಗುಂಪನ್ನು ಒಡೆಯುವುದಕ್ಕೆ ನಮ್ಮಲ್ಲಿ ಯಾಕೋ ಅಂಜುತ್ತಾರೆ. ಎಲ್ಲರೂ ಎಲ್ಲವನ್ನೂ ಒಟ್ಟಿಗೆ ನೋಡಬೇಕೆಂಬ ಹಟದಲ್ಲಿ ಅಜ್ಜಿಯರನ್ನು ಪಾರ್ಕಿನ ಬೆಂಚಿನಲ್ಲಿ ಚೀಲಗಳ ಕಾವಲಿಗೆ ಕೂರಿಸಿ ಹೋಗುತ್ತಾರೆ. ಚೀಲ ಕಾಯಲು ಪೂರ್ತಿ ಟಿಕೆಟ್ ಕೊಡುವುದೆಂದರೇನು?

ಆ ಗುರುವಾರ ನಾವಿಬ್ಬರೂ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋಗಲಿದ್ದೇವೆ. ನಮ್ಮ ಮಾವನವರು ಓದಿದ್ದು ಅಲ್ಲಿ. ಮದುವೆಯಾದ ಹೊಸದರಲ್ಲಿ ಆರ್ಟ್ಸ್ ಕಾಲೇಜಿನ ಮೆಟ್ಟಿಲುಗಳ ವರ್ಣನೆಯನ್ನು ಅತ್ತೆಯವರು ಎಷ್ಟು ಕೇಳಿದ್ದಾರೆಂದರೆ, ಒಮ್ಮೆಯೂ ನೋಡದಿದ್ದರೂ ಕಲ್ಲಿನ ಬಣ್ಣ ಹೇಳುತ್ತಾರೆ. 1918ರಲ್ಲಿ ಉರ್ದು ಮಾಧ್ಯಮದಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ನಸುಗೆಂಪು ಗ್ರಾನೈಟಿನ ಆ ಕಟ್ಟಡವನ್ನು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಉದ್ಘಾಟಿಸಿದ್ದು 1939ರಲ್ಲಿ. ಅಲ್ಲಿಂದ ಕಾಚಿಗುಡ ದೂರವಿಲ್ಲ. ಅಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ಹಳೆಯ ಪರಿಚಯದ ಒಂದೆರಡು ಮನೆಗಳಿವೆ. ಸಂಜೆ ಬತುಕಮ್ಮ. ನಾವು ಹೋಗುವ ದಿನಗಳು ಆ ಹಬ್ಬದ ಒಂಬತ್ತು ದಿನಗಳ ಒಳಗೇ ಬರುತ್ತವೆ. ತಂಗಡಿ ಹೂ, ಚೆಂಡುಹೂಗಳನ್ನು ತಟ್ಟೆಯಲ್ಲಿ ಗೋಪುರದಂತೆ ಜೋಡಿಸಿ ನಡುವೆ ಇಟ್ಟು ಹೆಂಗಸರು ಸುತ್ತ ಚಪ್ಪಾಳೆ ತಟ್ಟುತ್ತಾ ಹಾಡುತ್ತಾರೆ. ಇದಕ್ಕೆ ಟಿಕೆಟ್ ಇಲ್ಲವೆಂದು ಅತ್ತೆಯವರಿಗೆ ಮೊದಲೇ ತಿಳಿಸಿದ್ದೇನೆ.

ಗೋಲ್ಕೊಂಡಕ್ಕೆ ಬೆಳಿಗ್ಗೆ ಬೇಗ ಹೋಗಬೇಕು, ಬಿಸಿಲೇರಿದ ಮೇಲೆ ಆ ಬಂಡೆ ಹತ್ತುವುದು ಯಾರಿಗೂ ಬೇಡ. ಫತೇ ದರವಾಜೆಯ ಗುಮ್ಮಟದಡಿ ಒಂದು ಜಾಗದಲ್ಲಿ ನಿಂತು ಚಪ್ಪಾಳೆ ಹೊಡೆದರೆ ಗುಡ್ಡದ ತುದಿಯ ಬಾಲಾ ಹಿಸ್ಸಾರಿಗೆ ಕೇಳಿಸುತ್ತದೆ. ಯೋಜನೆ ಸುಲಭ: ಅತ್ತೆಯವರು, ನಾದಿನಿ, ಐದು ವರ್ಷದ ಅವಳ ಮಗಳು ಕೆಳಗೆ, ಉಳಿದವರು ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಮೇಲೆ. ಕೆಳಗಿನವರು ಚಪ್ಪಾಳೆ ಹೊಡೆಯಬೇಕು, ಮೇಲಿನವರು ಎಣಿಸಬೇಕು. ಹತ್ತಲಾಗದವರಿಗೂ ಒಂದು ಪಾತ್ರವಿರುವ ಇಂಥ ಕೋಟೆ ಅಪರೂಪ. ದಾರಿಯಲ್ಲಿ ರಾಮದಾಸರ ಸೆರೆಮನೆ ಸಿಗುತ್ತದೆ, ಭದ್ರಾಚಲದ ಗುಡಿ ಕಟ್ಟಿಸಿದ ಗೋಪಣ್ಣನನ್ನು ಗೋಲ್ಕೊಂಡದ ಕುತುಬ್‌ಶಾಹಿ ಸುಲ್ತಾನ ತಾನೀಷಾ ಇರಿಸಿದ್ದ ಕೋಣೆ. ಕುತುಬ್‌ಶಾಹಿಗಳ ಮೂಲಪುರುಷ ಸುಲ್ತಾನ್ ಕುಲಿ ನಮ್ಮ ಬಹಮನಿ ದೊರೆಗಳ ಸುಬೇದಾರನಾಗಿದ್ದವನು ಎಂದು ಮಗಳಿಗೆ ಹೇಳಿದೆ. “ಹಾಗಾದರೆ ಇದು ನಮ್ಮ ಕಲಬುರಗಿ ಕೋಟೆಯ ಬ್ರ್ಯಾಂಚಾ ಅಮ್ಮ?” ಎಂದಳು. ಬಹಮನಿಗಳು ಅಷ್ಟರಲ್ಲಾಗಲೇ ಬೀದರಿಗೆ ಹೋಗಿದ್ದರು, ಆದರೂ ಉತ್ತರ ಪೂರ್ತಿ ತಪ್ಪಲ್ಲ.

ರಾಮೋಜಿಯಲ್ಲಿ ಮಕ್ಕಳಿಗೆ ಫಂಡುಸ್ತಾನ್ ಇದೆ, ಸಾಹಸ ಪ್ರದರ್ಶನಗಳಿವೆ, ಅದನ್ನೆಲ್ಲ ಅವರೇ ಹುಡುಕಿಕೊಳ್ಳುತ್ತಾರೆ. ನನಗೆ ಇಷ್ಟವಾಗುವುದು ಸುಳ್ಳು ರೈಲು ನಿಲ್ದಾಣ, ಸುಳ್ಳು ವಿಮಾನ ನಿಲ್ದಾಣ, ಮುಂದಿನಿಂದ ಒಂದು, ಹಿಂದಿನಿಂದ ಇನ್ನೊಂದು ಆಗಿರುವ ಕಟ್ಟಡಗಳು. ಮೂವಿ ಮ್ಯಾಜಿಕ್‌ನಲ್ಲಿ ಪ್ರೇಕ್ಷಕರಲ್ಲೇ ಒಬ್ಬಿಬ್ಬರನ್ನು ಕರೆದು ನಟಿಸಲು ಹಚ್ಚಿ, ಶಬ್ದ ಸೇರಿಸಿ, ದೃಶ್ಯವೊಂದನ್ನು ಕಣ್ಣೆದುರೇ ಹೊಂದಿಸಿ ತೋರಿಸುತ್ತಾರೆ. ಯಜಮಾನರು ಕೈ ಎತ್ತುತ್ತಾರೆ, ಅದನ್ನು ತಡೆಯಲಾಗದು. ಅತ್ತೆಯವರ ಆಸಕ್ತಿ ಬೇರೆ. ಈಗಿನ ಕಲರ್ಸ್ ಕನ್ನಡ 2000ದಲ್ಲಿ ಈಟಿವಿ ಕನ್ನಡವಾಗಿ ಶುರುವಾದಾಗ ಅದರ ಸುದ್ದಿಮನೆ ಇದ್ದದ್ದು ಇದೇ ಫಿಲ್ಮ್ ಸಿಟಿಯಲ್ಲಿ. ನಮ್ಮ ಕಡೆಯ ಎಷ್ಟೋ ಹುಡುಗರು ಪತ್ರಕರ್ತರಾಗಿದ್ದು ಅಲ್ಲಿ ಕೆಲಸ ಮಾಡುತ್ತಲೇ. ರಾತ್ರಿ ಊಟದ ಹೊತ್ತಿಗೆ ತಾವು ನೋಡುತ್ತಿದ್ದ ಕನ್ನಡ ವಾರ್ತೆ ತೆಲುಗು ನಾಡಿನಿಂದ ಬರುತ್ತಿತ್ತೆಂದು ಅತ್ತೆಯವರಿಗೆ ಈಚೆಗೆ ತಿಳಿಯಿತು. ಆ ಕಟ್ಟಡ ತೋರಿಸಬೇಕಂತೆ. ಪ್ರವಾಸಿ ಬಸ್ಸು ಅತ್ತ ಹೋಗುವುದಿಲ್ಲವೆಂದರೆ “ಕೇಳಿ ನೋಡು, ಬಾಯಿಲ್ಲವೇ?” ಎನ್ನುತ್ತಾರೆ.

ಭಾನುವಾರ ಸಾಲಾರ್ ಜಂಗ್‌ನಲ್ಲಿ ನಾನು ಹಾಕಿಕೊಂಡ ಗುರಿ ಮೂರೇ. ಮುಸುಕಿನ ರೆಬೆಕಾ, ಅಮೃತಶಿಲೆಯಲ್ಲೇ ತೆಳು ಪರದೆ ಕಡೆದು ತೋರಿಸಿದ ಬೆನ್ಜೋನಿಯ ಕೆಲಸ. ಒಂದೇ ಮರದ ದಿಮ್ಮಿಯಲ್ಲಿ ಮುಂದೆ ‘ಫೌಸ್ಟ್’ ನಾಟಕದ ಪಿಶಾಚಿ ಮೆಫಿಸ್ಟೊಫಿಲಿಸ್, ಹಿಂದೆ ಅದೇ ನಾಟಕದ ನಾಯಕಿ ಮಾರ್ಗರೆಟಾ ಇರುವ ಜೋಡಿ ವಿಗ್ರಹ. ಹಿಂಬದಿ ಕಾಣಲಿ ಎಂದು ಕನ್ನಡಿ ಇಟ್ಟಿದ್ದಾರೆ. ಮತ್ತೆ ಗಂಟೆಗೊಮ್ಮೆ ಪುಟ್ಟ ಮನುಷ್ಯ ಹೊರಬಂದು ಗಂಟೆ ಬಾರಿಸುವ ಆ ಗಡಿಯಾರ. ಅದನ್ನು ಹನ್ನೆರಡಕ್ಕೇ ನೋಡಬೇಕು, ಅವನ ಕೈಗೆ ಹೆಚ್ಚು ಕೆಲಸವಿರುವುದು ಆಗ. ಎದುರಿಗೆ ಕೂರಲು ಜಾಗವಿದೆ, ಆದರೆ ಭಾನುವಾರದ ಗುಂಪಿನಲ್ಲಿ ಮೊದಲೇ ಹೋಗಿ ಹಿಡಿಯಬೇಕು. ಆ ಜವಾಬ್ದಾರಿ ಎಕ್ಸೆಲ್ ಹಾಳೆಯವರಿಗೆ. ಉಳಿದ ಕೋಣೆಗಳನ್ನು ಬಿಡುತ್ತೇವೆ. ಎಲ್ಲವನ್ನೂ ನೋಡುತ್ತೇನೆಂದು ಒಳಹೊಕ್ಕವರು ಪಿಂಗಾಣಿ ತಟ್ಟೆಗಳ ಸಾಲಿನಲ್ಲಿ ಸೋತು ಹೋಗುತ್ತಾರೆ. ಅಲ್ಲಿಂದ ಚಾರ್ಮಿನಾರ್, ಲಾಡ್ ಬಜಾರಿನ ಅರಗಿನ ಬಳೆ, ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು.

ಇಳಿದುಕೊಳ್ಳಲು ಎಲ್.ಬಿ. ನಗರದ ಕಡೆ ಹೋಟೆಲ್ ಹುಡುಕುತ್ತಿದ್ದೇನೆ. ರಾಮೋಜಿಗೆ ಹೋಗುವ ದಾರಿ ಅದೇ. ಮೆಟ್ರೊದ ಕೆಂಪು ಮಾರ್ಗ ಅಲ್ಲಿಂದಲೇ ಹೊರಡುತ್ತದೆ, ಎಂ.ಜಿ.ಬಿ.ಎಸ್. ನಿಲ್ದಾಣದಲ್ಲಿ ಇಳಿದರೆ ಸಾಲಾರ್ ಜಂಗ್‌ಗೆ ಆಟೊ ಸಾಕು. ಗೋಲ್ಕೊಂಡ ಮಾತ್ರ ಊರಿನ ಆ ತುದಿಗಿದೆ, ಅದೊಂದು ದಿನ ದೊಡ್ಡ ಗಾಡಿ ಮಾಡಬೇಕು. ಸಂಜೆ ಬೀದಿಬದಿಯಲ್ಲಿ ಜೋಳದ ರೊಟ್ಟಿ ತಟ್ಟುವ ಹೆಂಗಸರು ಹೈದರಾಬಾದಿನಲ್ಲಿ ಎಲ್ಲ ಕಡೆಯೂ ಸಿಗುತ್ತಾರೆ, ಅತ್ತೆಯವರ ಊಟದ ಚಿಂತೆ ಅಲ್ಲಿಗೆ ಮುಗಿಯಿತು. ಯಜಮಾನರ ಬಿರಿಯಾನಿಯ ಬಗ್ಗೆ ಅತ್ತೆಯವರೆದುರು ಮಾತಾಡುವಂತಿಲ್ಲ, ಅದನ್ನು ಡೈರಿಯಲ್ಲಿ ‘ಬ್ಯಾಂಕ್ ಕೆಲಸ’ ಎಂದು ಬರೆದಿದ್ದೇನೆ.

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ಬೆಂಗಳೂರಿನವರು ಬುಧವಾರ ಹೈದರಾಬಾದಿನ ರೈಲು ಹಿಡಿಯುತ್ತಾರೆ, ಭಾನುವಾರ ರಾತ್ರಿಯ ರೈಲಿಗೆ ವಾಪಸ್. ನಾವು ಸೋಮವಾರ. ನಿನ್ನೆ ಗುಂಪಿನಲ್ಲಿ ಹಾಳೆಯ ಹೊಸ ಆವೃತ್ತಿ ಬಂದಿದೆ. ನನ್ನ ಕ್ರಮವನ್ನೇ ಉಳಿಸಿದ್ದಾರೆ, ಆದರೆ ಶುಕ್ರವಾರ ಸಂಜೆ ಗೋಲ್ಕೊಂಡದ ಕೆಳಗೆ ಸಣ್ಣ ಗುಲಾಬಿ ಚೌಕವೊಂದು ಹೊಸದಾಗಿ ಕಾಣಿಸಿಕೊಂಡಿದೆ: ‘ಸ್ನೋ ವರ್ಲ್ಡ್, ಒಂದೇ ಗಂಟೆ’. ಹಿಮದ ಪಾರ್ಕು. ಗಂಟೆಯ ಲೆಕ್ಕದ ಟಿಕೆಟ್ ಪಾರ್ಕಿನ ದಿನವೆನಿಸುವುದಿಲ್ಲ ಎಂಬುದು ಅವರ ವಾದ, ಮಕ್ಕಳು ಮೂವರೂ ಆಗಲೇ ಅವರ ಪಕ್ಷ. ಅತ್ತೆಯವರು ಸ್ವೆಟರ್ ಹುಡುಕುತ್ತಿದ್ದಾರೆ, ಯಾರ ಪರ ಎಂದು ಇನ್ನೂ ಹೇಳಿಲ್ಲ.