ಟ್ರಿಪ್‌ಗೆ ತಲೆಗೆ ಎಷ್ಟಾಗ್ತದೆ?

ಟ್ರಿಪ್ ಮುಗಿಸಿ ಬಂದು ಫೋಟೋ ಹಾಕಿದರೆ ಸಾಕು, ಉಡುಪಿಯಲ್ಲಿ ಸಿಕ್ಕಿದವರೆಲ್ಲ ಕೇಳುವುದು ಒಂದೇ. "ತಲೆಗೆ ಎಷ್ಟು ಬಿತ್ತು ಮಾರಾಯ್ರೆ?" ಕಳೆದ ಸಲ ಹನ್ನೊಂದು ಜನ ಕನ್ಯಾಕುಮಾರಿ, ರಾಮೇಶ್ವರ, ಮಧುರೈ ನೋಡಿ ಬಂದೆವು. ಆರು ದಿನ. ತಲೆಗೆ 14,580 ರೂಪಾಯಿ. ಉತ್ತರ ಇಷ್ಟೇ ಸಾಕಾದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ನಾವು ಲೆಕ್ಕ ಶುರು ಮಾಡುವುದು ಈ ಪ್ರಶ್ನೆಯಿಂದ ಅಲ್ಲ. ನಮ್ಮಲ್ಲಿ ಯಾರಿಗೆ ಎಷ್ಟು ಆಗಬಹುದು ಎಂಬಲ್ಲಿಂದ.

ಇದಕ್ಕೆ ಕಾರಣ ಉಂಟು. ಕೆಲವು ವರ್ಷಗಳ ಹಿಂದೆ ಆಲಪ್ಪುಳಕ್ಕೆ ಹೋಗಿದ್ದೆವು. ದುಡ್ಡಿನ ವಿಷಯ ಬಂದಾಗಲೆಲ್ಲ "ಮತ್ತೆ ನೋಡುವ" ಎಂದು ಹೊರಟವರು ನಾವು. ಬೋಟಿನ ಹತ್ತಿರ ಬಂದಾಗ ಒಬ್ಬ ಗೆಳೆಯ "ನೀವು ಹೋಗಿ ಬನ್ನಿ, ನನಗೆ ತಲೆನೋವು" ಅಂದ. ನಾವು ಹೋದೆವು. ಮೂರು ಗಂಟೆ ಅವನು ದಡದ ಚಾ ಅಂಗಡಿಯ ಬೆಂಚಿನಲ್ಲಿ ಕೂತಿದ್ದ. ಅವನಿಗೆ ತಲೆನೋವು ಇರಲಿಲ್ಲ, ಕಿಸೆಯಲ್ಲಿ ಉಳಿದದ್ದು 400 ರೂಪಾಯಿ ಎಂದು ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ. ಈಗಲೂ ಆ ಬೆಂಚು ನೆನಪಾದರೆ ಬೇಜಾರಾಗುತ್ತದೆ.

ಆಮೇಲಿಂದ ನಾನು ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳುತ್ತೇನೆ. "ಕಷ್ಟ ಆಗದೆ ಎಷ್ಟು ಹಾಕಬಹುದು?" ವಾಟ್ಸಾಪ್ ಗ್ರೂಪಿನಲ್ಲಿ ಕೇಳಲೇಬಾರದು, ಅಲ್ಲಿ ಎಲ್ಲರೂ ಓಕೆ ಅನ್ನುತ್ತಾರೆ. ಬಂದ ಮೊತ್ತಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ಬಜೆಟ್. ಅದು ಯಾರು ಹೇಳಿದ್ದು ಎಂದು ಯಾರಿಗೂ ಹೇಳುವುದಿಲ್ಲ. ಸಾಲದಿದ್ದರೆ ದಿನ ಕಡಿಮೆ ಮಾಡುತ್ತೇವೆ, ಜನ ಅಲ್ಲ. ಕನ್ಯಾಕುಮಾರಿ ಟ್ರಿಪ್‌ಗೆ ಮೊತ್ತ ತಲೆಗೆ 15,000ಕ್ಕೆ ನಿಂತಿತು. ಒಟ್ಟಿಗೆ ಕೊಡುವುದು ಕೆಲವರಿಗೆ ಭಾರ. ಹಾಗಾಗಿ ಆರು ತಿಂಗಳ ಮೊದಲೇ ಶುರು ಮಾಡಿ, ಚೀಟಿ ಕಟ್ಟುವ ಹಾಗೆ ತಿಂಗಳಿಗೆ 2,500 ಹಾಕಿದೆವು.

ಇನ್ನು ಗಾಡಿ. ಜಾಸ್ತಿ ದುಡ್ಡು ಹೋಗುವುದೂ ಇಲ್ಲೇ, ಲೆಕ್ಕ ತಪ್ಪುವುದೂ ಇಲ್ಲೇ. ನಾವು ಹಿಡಿದದ್ದು ಟೆಂಪೋ ಟ್ರಾವೆಲರ್, ಕಿಲೋಮೀಟರಿಗೆ 24 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿಲೋಮೀಟರ್. ಅಂದರೆ ಕನ್ಯಾಕುಮಾರಿಯಲ್ಲಿ ಒಂದು ದಿನ ಗಾಡಿ ಅಲ್ಲಾಡದೆ ನಿಂತರೂ 7,200 ರೂಪಾಯಿ ಕೊಡಬೇಕು. ಮೀಟರ್ ಶುರುವಾಗುವುದು ನಿಮ್ಮ ಮನೆಯಿಂದಲ್ಲ, ಗಾಡಿಯ ಶೆಡ್‌ನಿಂದ. ಮುಗಿಯುವುದೂ ಶೆಡ್‌ನಲ್ಲೇ. ದಿನದ ಲೆಕ್ಕ ಹೆಚ್ಚಾಗಿ ರಾತ್ರಿ 12ರಿಂದ 12. ರಾತ್ರಿ ಹತ್ತಕ್ಕೆ ಹೊರಟರೆ ಆ ಎರಡು ಗಂಟೆಗೂ ಒಂದು ದಿನದ ಬಾಡಿಗೆ, ಒಂದು ದಿನದ ಬಾಟಾ, ಅಂದರೆ ಡ್ರೈವರ್‌ಗೆ ಕೊಡುವ ದಿನಭತ್ಯೆ. ಅದಕ್ಕೇ ನಾವು ಬೆಳಗ್ಗೆ ನಾಲ್ಕಕ್ಕೆ ಹೊರಟೆವು.

ಮ್ಯಾಪ್ ನೋಡಿ ಕೂಡಿಸಿದಾಗ ಬಂದದ್ದು ಸುಮಾರು 1,900 ಕಿಲೋಮೀಟರ್. ಮೀಟರ್ ತೋರಿಸಿದ್ದು 2,140. ಊಟದ ಹೋಟೆಲ್ ಹುಡುಕಿದ್ದು, ರೂಮಿನಿಂದ ದೇವಸ್ಥಾನಕ್ಕೆ ಓಡಾಡಿದ್ದು, ಧನುಷ್ಕೋಡಿಗೆ ಹೋಗಿ ಬಂದದ್ದು ಎಲ್ಲ ಸೇರಿ ಅಷ್ಟಾಯಿತು. ಮ್ಯಾಪಿನ ಲೆಕ್ಕಕ್ಕೆ ನೂರಕ್ಕೆ ಹದಿನೈದರಷ್ಟು ಸೇರಿಸಿಯೇ ನೋಡಿ. 2,140ಕ್ಕೆ 51,360 ರೂಪಾಯಿ, ಬಾಟಾ ದಿನಕ್ಕೆ 600ರಂತೆ 3,600, ಟೋಲು, ಪಾರ್ಕಿಂಗ್, ಪರ್ಮಿಟ್ ಸೇರಿ ಸುಮಾರು 5,500. ತಲೆಗೆ 5,500 ಇಲ್ಲೇ ಆಯಿತು.

ಡ್ರೈವರ್‌ಗೂ ಒಂದು ಹಾಸಿಗೆಯ ದುಡ್ಡು ಇಡಿ. ಬಾಟಾ ಕೊಟ್ಟಿದ್ದೇವಲ್ಲ ಎಂದು ಹೆಚ್ಚಿನವರು ಸುಮ್ಮನಾಗುತ್ತಾರೆ. ಸೆಕೆಯಲ್ಲಿ, ಸೊಳ್ಳೆ ಕಚ್ಚಿಸಿಕೊಂಡು ಸೀಟಿನ ಮೇಲೆ ಮಲಗಿದವರು ಮರುದಿನ 400 ಕಿಲೋಮೀಟರ್ ಓಡಿಸಬೇಕು. ಹಿಂದೆ ಕೂತಿರುವುದು ನಮ್ಮ ಮಕ್ಕಳು, ಅಮ್ಮಂದಿರು. ರೂಮ್ ಬುಕ್ ಮಾಡುವಾಗಲೇ ಡ್ರೈವರ್‌ಗೆ ಮಲಗಲು ಜಾಗ ಉಂಟಾ ಎಂದು ಕೇಳಿ. ಕೆಲವು ಲಾಡ್ಜ್‌ಗಳಲ್ಲಿ ಅವರಿಗೆಂದೇ ಡಾರ್ಮಿಟರಿ ಇರುತ್ತದೆ.

ಕಾರಿನಲ್ಲಿ ಹೋಗುವವರಿಗೆ ಲೆಕ್ಕ ಬೇರೆ. ಸ್ವಂತ ಕಾರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಉಂಟು. 2025ರ ಆಗಸ್ಟ್ 15ಕ್ಕೆ ಶುರುವಾದಾಗ ಅದರ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ ಟೋಲ್ ದಾಟುವುದು, ಯಾವುದು ಮೊದಲೋ ಅಲ್ಲಿಯವರೆಗೆ. ಸಾಸ್ತಾನ, ಹೆಜಮಾಡಿ, ತಲಪಾಡಿ ದಾಟುತ್ತಾ ಇರುವ ನಮ್ಮ ಕಡೆಯವರಿಗೆ ಹಾಕಿದ ದುಡ್ಡು ಬೇಗ ಹುಟ್ಟುತ್ತದೆ. ಹಳದಿ ಬೋರ್ಡಿನ ಗಾಡಿಗೆ ಮಾತ್ರ ಅದು ಸಿಗುವುದಿಲ್ಲ. ಕೇರಳದ ಕಡೆ ಹೋದರೆ ಪೆಟ್ರೋಲ್‌ಗೆ ಮಾಹೆ ನೆನಪಿಡಿ. ಅದು ಪುದುಚೇರಿಗೆ ಸೇರಿದ್ದು, ಬೆಲೆ ಕಡಿಮೆ. 2024ರಲ್ಲಿ ಬೈಪಾಸ್ ಆದ ಮೇಲೆ ಹೈವೇ ಊರಿನ ಹೊರಗಿಂದ ಹೋಗುತ್ತದೆ, ಹಾಗಾಗಿ ಟ್ಯಾಂಕ್ ಖಾಲಿ ಇದ್ದರೆ ಮಾತ್ರ ಒಳಗೆ ಹೋಗಿ. ಮತ್ತೊಂದು: ಕಾರು ಕೊಟ್ಟವರಿಂದ ಪೆಟ್ರೋಲ್ ಪಾಲು ತೆಗೆದುಕೊಳ್ಳಬೇಡಿ. ಟಯರ್ ಸವೆಯುವುದು ಅವರದ್ದು. ಆದರೆ ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಹಿಡಿಯುವ ಯೋಚನೆಯೇ ಬೇಡ. ಅದು ಕಾನೂನಿಗೆ ವಿರುದ್ಧ, ಏನಾದರೂ ಆದರೆ ಇನ್ಶೂರೆನ್ಸ್ ಕೈಬಿಡಬಹುದು.

ರೂಮಿನ ವಿಷಯ ಹೆಚ್ಚು ಹೇಳುವುದಿಲ್ಲ. ನಾಲ್ಕು ರೂಮು, ಒಂದಕ್ಕೆ 1,800, ಐದು ರಾತ್ರಿಗೆ 36,000. ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಶಬರಿಮಲೆ ಸೀಸನ್, ಅದರ ಜೊತೆ ಕ್ರಿಸ್ಮಸ್ ರಜೆ. ಆಗ ಹೋಗುವುದಾದರೆ ಮೊದಲೇ ಬುಕ್ ಮಾಡಿ. ಊಟಕ್ಕೆ ತಲೆಗೆ ದಿನಕ್ಕೆ 600, ಟಿಕೆಟ್, ಬೋಟ್ ಎಂದು ತಲೆಗೆ ಒಟ್ಟು 1,000 ಇಟ್ಟಿದ್ದೆವು.

ದುಡ್ಡು ಸೋರುವುದು ಚಿಲ್ಲರೆಯಲ್ಲಿ. ನೀರನ್ನೇ ನೋಡಿ. ಹನ್ನೊಂದು ಜನ, ದಿನಕ್ಕೆ ಮೂರು ಬಾಟಲಿ, ಒಂದಕ್ಕೆ 20 ರೂಪಾಯಿ, ಆರು ದಿನಕ್ಕೆ 3,960! ನಾವು ಗಾಡಿಯ ಹಿಂದೆ 20 ಲೀಟರಿನ ಕ್ಯಾನ್ ಇಟ್ಟು, ಮನೆಯ ಬಾಟಲಿಗಳಿಗೆ ತುಂಬಿಸಿಕೊಂಡೆವು. ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನಕ್ಕೆ ಗಂಡಸರು ಪಂಚೆ ಉಡಲೇಬೇಕು, ಅಂಗಿ ಹಾಕುವ ಹಾಗಿಲ್ಲ. ಮನೆಯಲ್ಲಿ ಹತ್ತು ಪಂಚೆ ಇಟ್ಟುಕೊಂಡು ಅಲ್ಲಿ ಹೋಗಿ ಹೊಸತು ಯಾಕೆ ತೆಗೆದುಕೊಳ್ಳಬೇಕು, ಅಲ್ವಾ?

ಒಟ್ಟು ಮೊತ್ತದ ಮೇಲೆ ಹತ್ತರಲ್ಲೊಂದು ಭಾಗ ಬೇರೆಯೇ ಇಡಿ. ಮಧುರೈಯಲ್ಲಿ ಒಬ್ಬಳಿಗೆ ಜ್ವರ ಬಂತು. ಡಾಕ್ಟರು, ಮಾತ್ರೆ, ಆಟೋ, ಮತ್ತೊಂದು ರೂಮು, ಎಲ್ಲದಕ್ಕೂ ಆ ದುಡ್ಡೇ ಆಯಿತು. ಯಾರ ಕಾಯಿಲೆಯೇ ಇರಲಿ, ಅದು ಎಲ್ಲರ ಖರ್ಚು ಎಂದು ಹೊರಡುವ ಮೊದಲೇ ಮಾತಾಡಿಕೊಂಡಿದ್ದೆವು. ಹಾಗಾಗಿ "ಇರಲಿ, ಬೇಡ" ಎಂದು ಅವಳು ಮುಜುಗರಪಡಲಿಲ್ಲ. ಸೀರೆ, ಶಂಖ, ಬಾಳೆಕಾಯಿ ಚಿಪ್ಸ್ ಅವರವರ ಕಿಸೆಯಿಂದ.

ಲೆಕ್ಕ ಇಡುವವರು ಒಬ್ಬರೇ ಇರಲಿ, ದುಡ್ಡು ಇಟ್ಟುಕೊಳ್ಳುವವರು ಇನ್ನೊಬ್ಬರು. ನಮ್ಮಲ್ಲಿ ಈಗಲೂ ಗೆರೆ ಪುಸ್ತಕವೇ. ದಿನಾ ರಾತ್ರಿ ಊಟದ ಮೇಲೆ ಓದಿ ಹೇಳುತ್ತೇವೆ: "ಚಾ, ಕೋಝಿಕ್ಕೋಡ್, 132. ಟೋಲ್. ಚಪ್ಪಲಿ ಇಡಲು 20." ಕೊನೆಯ ದಿನ ಕಾಸರಗೋಡು ದಾಟಿದ ಮೇಲೆ ಗಾಡಿಯಲ್ಲೇ ಕೂಡಿಸಿದೆವು. ಖರ್ಚು 1,60,380. ತಲಪಾಡಿ ಟೋಲ್ ಬರುವಷ್ಟರಲ್ಲಿ ಒಬ್ಬೊಬ್ಬರ ಕೈಗೆ 420 ರೂಪಾಯಿ ವಾಪಸ್ ಕೊಟ್ಟಾಗಿತ್ತು.