ನೆಲಮಾಳಿಗೆಯ ಕಬ್ಬಿಣದ ಬಾಗಿಲು

ಹೋದ ಭಾನುವಾರ ಮಂಡ್ಯಕ್ಕೆ ವಿಡಿಯೊ ಕಾಲ್ ಮಾಡ್ತಾನೇ ಸೈಕಲ್ ತರಲು ನೆಲಮಾಳಿಗೆಗೆ ಇಳಿದಿದ್ದೆ. ಅಲ್ಲಿನ ದಪ್ಪ ಕಬ್ಬಿಣದ ಬಾಗಿಲು ಕಂಡು ಅಪ್ಪ, "ಏನ್ ಮಗಾ ಅದು, ಬ್ಯಾಂಕ್ ಲಾಕರ್ರಾ?" ಅಂದರು.

ಬಾಂಬ್ ಬಿದ್ದರೆ ಕೂರುವ ಜಾಗ ಅಂದೆ. ಅಮ್ಮ ಫೋನ್ ಕಿತ್ತುಕೊಂಡಳು.

ನಾನಿರುವುದು ಫಿನ್ಲೆಂಡಿನ ಲಪ್ಪೇನ್‌ರಂತದಲ್ಲಿ. ರಷ್ಯಾ ಗಡಿ ಇಲ್ಲಿಂದ ಮಂಡ್ಯಕ್ಕೂ ಶ್ರೀರಂಗಪಟ್ಟಣಕ್ಕೂ ಇರುವಷ್ಟೇ ದೂರ. ಇಡೀ ದೇಶದ ಜನ 56 ಲಕ್ಷ, ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಗಡಿ ಮಾತ್ರ 1,340 ಕಿಲೋಮೀಟರ್. ದೊಡ್ಡ ಕಟ್ಟಡ ಕಟ್ಟುವವರು ಇಂಥದ್ದೊಂದು ಆಶ್ರಯಕೋಣೆ ಕಟ್ಟಲೇಬೇಕು. ದೇಶದ ತುಂಬ ಇಂಥವು 50,000ಕ್ಕೂ ಹೆಚ್ಚಿವೆ. ನಮ್ಮದರಲ್ಲಿ ಸದ್ಯಕ್ಕೆ ಸ್ಕೀ, ಹಳೇ ಟೈರು, ಯಾರದೋ ಮಗುವಿನ ತೊಟ್ಟಿಲು. ಆದೇಶ ಬಂದರೆ 72 ಗಂಟೆಯೊಳಗೆ ಖಾಲಿ ಮಾಡಿ ಸಜ್ಜು ಮಾಡಬೇಕು.

ಅಪ್ಪನಿಗೆ ಇದು ತಕ್ಷಣ ಅರ್ಥವಾಯಿತು. "ಗದ್ದೆ ಪಕ್ಕದೋನು ದೊಡ್ಡ ಕುಳ ಆದ್ರೆ ನಮಸ್ಕಾರನೂ ಹಾಕ್ಬೇಕು, ಮಚ್ಚೂ ಮಸ್ದು ಇಕ್ಕಂಡಿರ್ಬೇಕು ಕಣಪ್ಪ." ನಾಲೆ ನೀರಿಗೆ ನಲವತ್ತು ವರ್ಷ ಹೆಣಗಿದವರ ಮಾತು.

ಮಚ್ಚಿನ ಕತೆ 1939ರದ್ದು. ಆ ವರ್ಷ ನವೆಂಬರ್ 30ಕ್ಕೆ ಸೋವಿಯತ್ ಸೇನೆ ನುಗ್ಗಿತು. 105 ದಿನದ ಕಾದಾಟ. ನೆಲದಲ್ಲಿ ಹತ್ತರಲ್ಲೊಂದು ಪಾಲು ಹೋಯಿತು, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಗುಳೆ ಬಂದರು, ದೇಶ ಉಳಿಯಿತು. ನಮ್ಮ ಆಫೀಸಿನವರೊಬ್ಬರ ಅಜ್ಜಿಯ ಊರು ವೀಪುರಿ, ಈಗ ಅದು ರಷ್ಯಾದಲ್ಲಿದೆ. ಅದರ ಮಾತು ಬಂದರೆ ಅವರು ಕಾಫಿಗೆ ಎದ್ದು ಹೋಗುತ್ತಾರೆ.

ಆಮೇಲಿನದು ನಮಸ್ಕಾರದ ಕಾಲ. 1948ರಲ್ಲಿ ಮಾಸ್ಕೋ ಜೊತೆ ಸ್ನೇಹ ಒಪ್ಪಂದ. 1956ರಿಂದ ಕಾಲು ಶತಮಾನ ಅಧ್ಯಕ್ಷರಾಗಿದ್ದ ಕೆಕ್ಕೊನೆನ್ ತಮ್ಮ 60ನೇ ಹುಟ್ಟುಹಬ್ಬಕ್ಕೆ ಬಂದ ಸೋವಿಯತ್ ನಾಯಕ ಕ್ರುಶ್ಚೇವ್‌ರನ್ನು ಸೌನಾದಲ್ಲಿ, ಅಂದರೆ ಇವರ ಹಬೆಕೋಣೆಯಲ್ಲಿ, ರಾತ್ರಿಯೆಲ್ಲ ಕೂರಿಸಿಕೊಂಡರು. ಮರುವರ್ಷ ಫಿನ್ಲೆಂಡ್ ಪಶ್ಚಿಮ ಯೂರೋಪಿನ ಮುಕ್ತ ವ್ಯಾಪಾರ ಕೂಟದ ಜೊತೆ ಸೇರಿಕೊಂಡಿತು, ಮಾಸ್ಕೋ ತಡೆಯಲಿಲ್ಲ. ಬೆವರು ದಂಡವಾಗಲಿಲ್ಲ ಅನ್ನಿ.

ಆದರೆ ನಮಸ್ಕಾರ ಪುಕ್ಕಟೆಯಲ್ಲ, ಅಪ್ಪ ಇದನ್ನು ಹೇಳಲಿಲ್ಲ. 1958ರಲ್ಲಿ ಮಾಸ್ಕೋಗೆ ಹಿಡಿಸದ ಸರ್ಕಾರವೊಂದು ಕೆಲವೇ ತಿಂಗಳಲ್ಲಿ ಬಿತ್ತು. ಪತ್ರಿಕೆಗಳು ತಮ್ಮ ಬಾಯಿಗೆ ತಾವೇ ಬೀಗ ಹಾಕಿಕೊಂಡವು. ಹೊರಗಿನವರು ಇದನ್ನು 'ಫಿನ್ಲೆಂಡೀಕರಣ' ಎಂದು ಮೂದಲಿಸಿದರು. ಮೂದಲಿಸಿದವರಿಗೆ ಬದುವಿನಾಚೆ ಅಂಥ ನೆರೆಯವನಿರಲಿಲ್ಲ, ಅದು ಬೇರೆ ಮಾತು.

2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ದಾಳಿಯಾದ ಮೇಲೆ ನಮಸ್ಕಾರ ನಿಂತಿತು. 2023ರ ಏಪ್ರಿಲ್ 4ಕ್ಕೆ ನ್ಯಾಟೋ ಸದಸ್ಯತ್ವ. ಅದೇ ವರ್ಷದ ಕೊನೆಗೆ ಗಡಿ ದಾರಿಗಳೂ ಬಂದ್. ರಷ್ಯಾದ ಗಿರಾಕಿಗಳನ್ನೇ ನಂಬಿದ್ದ ನಮ್ಮೂರ ಅಂಗಡಿಗಳಲ್ಲಿ ಈಗ ಸೇಲ್ಸ್‌ನವರೇ ಬಾಗಿಲು ನೋಡುತ್ತ ನಿಂತಿರುತ್ತಾರೆ.

ಮನೆಯಲ್ಲಿ ಮೂರು ದಿನಕ್ಕಾಗುವಷ್ಟು ನೀರು, ಊಟ ಇಟ್ಟುಕೊಳ್ಳಿ ಅನ್ನೋದು ಇಲ್ಲಿನ ಸರ್ಕಾರದ ಸಲಹೆ. ಅಮ್ಮನಿಗೆ ಹೇಳಿದೆ. "ಒಲೆ ಹಚ್ಚಕ್ಕಾಯ್ತದಾ ಆ ರೂಮಲ್ಲಿ?" ಅಂದಳು. ಆಗಲ್ಲ ಅಂದೆ.

ಮೈಸೂರಿಂದ ಹೊರಟ ಸ್ನೇಹಿತನ ಕೈಯಲ್ಲಿ ಎರಡು ಕೇಜಿ ರಾಗಿ ಹುರಿಹಿಟ್ಟು ಬರ್ತಾ ಇದೆ. ಬೆಲ್ಲ ಬೇರೆ ಪೊಟ್ಟಣದಲ್ಲಂತೆ.