ನೆರಳು ಗಂಡೋ ಹೆಣ್ಣೋ: ಫ್ರೆಂಚ್ ಕಲಿಕೆ, ಮೂರನೇ ವಾರ

ಮೂರು ವಾರದಿಂದ ಒಂದೇ ಹಾಡು. ಬೆಲ್ಜಿಯಂನ ಗಾಯಕ ಜಾಕ್ ಬ್ರೆಲ್ 1959ರಲ್ಲಿ ರೆಕಾರ್ಡ್ ಮಾಡಿದ ‘ನ ಮ ಕಿತ್ ಪಾ’. ಅಂದರೆ ‘ನನ್ನ ಬಿಟ್ಟು ಹೋಗಬೇಡ’. ನಿಧಾನವಾಗಿದೆ, ಪದಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ ಅಂತ ಇದನ್ನು ಹಿಡಿದುಕೊಂಡೆ. ಹಾಡಿನ ತುಂಬಾ ಒಬ್ಬ ಗಂಡಸು ಗೋಗರೆಯುತ್ತಲೇ ಇರುತ್ತಾನೆ. ಇದು ಪ್ರೇಮಗೀತೆಯಲ್ಲ, ಗಂಡಸರ ಹೇಡಿತನದ ಹಾಡು ಅಂತ ಬ್ರೆಲ್ ಅವರೇ ಹೇಳಿದ್ದರು. ಇರಲಿ, ನನಗೆ ಬೇಕಾಗಿದ್ದು ಪದಗಳು.

ನೋಟ್‌ಬುಕ್ಕಿನಲ್ಲಿ ಈಗ 46 ಪದ. ಪೆರ್ಲ್ ಅಂದರೆ ಮುತ್ತು, ಪ್ಲುಯಿ ಅಂದರೆ ಮಳೆ, ಓರ್ ಅಂದರೆ ಚಿನ್ನ. ಇವೆಲ್ಲ ಸಲೀಸು. ಎಡವಿದ್ದು ಓಂಬ್ರ್ ಹತ್ತಿರ. ಓಂಬ್ರ್ ಅಂದರೆ ನೆರಳು. ‘ನಿನ್ನ ನೆರಳಿನ ನೆರಳು, ನಿನ್ನ ಕೈಯ ನೆರಳು, ನಿನ್ನ ನಾಯಿಯ ನೆರಳು’ ಆಗುತ್ತೇನೆ ಅಂತಾನೆ ಈ ಪುಣ್ಯಾತ್ಮ. ಫ್ರೆಂಚಿನಲ್ಲಿ ವಸ್ತುಗಳ ಹೆಸರೂ ಗಂಡೋ ಹೆಣ್ಣೋ ಆಗಿರುತ್ತದೆ. ‘ನಿನ್ನ’ ಅನ್ನೋದಕ್ಕೆ ಪುಲ್ಲಿಂಗದ ಪದಕ್ಕೆ ಮೊದಲು ‘ತೋಂ’, ಸ್ತ್ರೀಲಿಂಗದ ಪದಕ್ಕೆ ಮೊದಲು ‘ತಾ’. ಕೈಗೆ ತಾ ಇದೆ, ನಾಯಿಗೆ ತೋಂ ಇದೆ, ನೆರಳಿಗೂ ತೋಂ. ಸರಿ, ನೆರಳು ಗಂಡು ಅಂತ ಬರೆದುಕೊಂಡೆ. ನಿಘಂಟು ತೆಗೆದರೆ ಹೆಣ್ಣು! ಸ್ವರದಿಂದ ಶುರುವಾಗುವ ಪದವಾದರೆ ಹೆಣ್ಣಾದರೂ ತೋಂ ಬರುತ್ತದಂತೆ, ಎರಡು ಸ್ವರ ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ. ನಮ್ಮಲ್ಲಿ ಸಂಧಿ ಮಾಡಿ ಮುಗಿಸುತ್ತೇವೆ, ಅವರು ಪದವನ್ನೇ ಬದಲಿಸುತ್ತಾರೆ. ಈ ಸಾಲು ಇಲ್ಲದಿದ್ದರೆ ಈ ನಿಯಮ ನನ್ನ ತಲೆಯಲ್ಲಿ ಒಂದು ದಿನವೂ ನಿಲ್ಲುತ್ತಿರಲಿಲ್ಲ.

ಈ ವಾರದ ದೊಡ್ಡ ಲಾಭ ಭವಿಷ್ಯತ್ಕಾಲ. ಹಾಡಿನಲ್ಲಿ ಆತ ಆಸೆ ತೋರಿಸುತ್ತಲೇ ಹೋಗುತ್ತಾನೆ: ಮಳೆಯೇ ಬಾರದ ನಾಡಿನಿಂದ ಮಳೆಯ ಮುತ್ತು ತಂದುಕೊಡುವೆ, ನೆಲ ಅಗೆಯುವೆ, ಹೊಸ ಪದ ಕಟ್ಟುವೆ. ಒಫ್ರಿರೆ, ಕ್ರೋಜರೆ, ಆಂವಾಂತರೆ. ಎಲ್ಲದರ ಕೊನೆಗೂ ಅದೇ ‘ರೆ’. ಆದರೆ ದಿನದ ಮಾತಿನಲ್ಲಿ ಫ್ರೆಂಚರು ಹೆಚ್ಚಾಗಿ ‘ಕೊಡಲು ಹೋಗುತ್ತೇನೆ’ ಅನ್ನುವ ಥರ ಎರಡು ಕ್ರಿಯಾಪದ ಸೇರಿಸಿ ಹೇಳುತ್ತಾರೆ. ನಮ್ಮದೂ ಹಾಗೇ ಅಲ್ವಾ? ಮನೆಯಲ್ಲಿ ‘ಕೊಡ್ತೀನಿ’, ಹಾಡಿನಲ್ಲಿ ‘ಕೊಡುವೆ’. ಇದು ಹೊಳೆದ ಮೇಲೆ ಆ ‘ರೆ’ಗಳನ್ನು ಉರು ಹೊಡೆಯಬೇಕಾಗಲಿಲ್ಲ.

ತೊಂದರೆಯೂ ಇದೆ. ಮಳೆಗೆ ಏನಂತಾರೆ ಅಂತ ಯಾರಾದರೂ ಕೇಳಿದರೆ ಸಾಲನ್ನು ಮೊದಲಿಂದ ಗುನುಗಿಕೊಂಡೇ ಬರಬೇಕು. ನಿನ್ನೆ 46 ಪದಗಳನ್ನೂ ಚೀಟಿಗಳಲ್ಲಿ ಬರೆದು, ಕಲಸಿ, ಒಂದೊಂದೇ ಎತ್ತಿ ನೋಡಿದೆ. ರಾಗ ಇಲ್ಲದೆ ಅರ್ಥ ಹೇಳಿದ್ದು 29ಕ್ಕೆ. ಉಳಿದ 17 ಚೀಟಿ ಫ್ರಿಡ್ಜಿನ ಬಾಗಿಲಿಗೆ ಅಂಟಿವೆ.